ಮನೆಗಾಡಿಯ ಟಿವಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಬೀದಿಗೆಲ್ಲ ಅವಳು ಆಂಟೆನಾ ಅಕ್ಕ, ಮನೆಯಲ್ಲಿ ದೊಡ್ಡೋಳು. ಅಪ್ಪ ತೀರಿಕೊಂಡ ಮೇಲೆ ಅವನ ಟಿವಿ ರಿಪೇರಿ ಅಂಗಡಿ, ಅವನ ಕಬ್ಬಿಣದ ಏಣಿ, ಅವನ ಮೂಗಿನ ತುದಿಯ ಸಿಟ್ಟು ಎಲ್ಲವೂ ಅವಳ ಪಾಲಿಗೆ ಬಂದವು. ಅಪ್ಪನ ನಗು ಮಾತ್ರ ತಂಗಿಗೆ ಹೋಯಿತು. ಆ ಹಂಚಿಕೆ ಸರಿಯಿಲ್ಲವೆಂದು ದೊಡ್ಡವಳು ಬಾಯಿಬಿಟ್ಟು ಹೇಳಿದವಳಲ್ಲ. ಹೇಳದೆ ಇಟ್ಟುಕೊಂಡದ್ದು ಹೊಟ್ಟೆಯಲ್ಲಿ ಕೊಳೆಯುತ್ತದೆಯೇ ಹೊರತು ಕರಗುವುದಿಲ್ಲ, ಏನು ಮಾಡೋಣ.

ಮದುವೆಯ ಮಾತು ಬಾರದೆ ಇರಲಿಲ್ಲ. ಒಬ್ಬನಿಗೆ ಹುಡುಗಿ ಏಣಿ ಹತ್ತುವುದು ಹಿಡಿಸಲಿಲ್ಲ. ಇನ್ನೊಬ್ಬನ ಕೈಗೆ ಏಣಿ ಹಿಡಿದುಕೋ ಎಂದು ಕೊಟ್ಟರೆ ಅವನ ಕೈಯೇ ನಡುಗಿತು. ಅದು ಇವಳಿಗೆ ಹಿಡಿಸಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ, ಇವಳೂ ಹೇಳಿಕಳಿಸಲಿಲ್ಲ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ಮನೆಯಲ್ಲಿ ಅಮ್ಮ. ಅಮ್ಮನಿಗೆ ಮಂಡಿ ನೋವು, ರಕ್ತದೊತ್ತಡ, ಮೇಲೊಂದಿಷ್ಟು ಹಟ. ದೊಡ್ಡವಳು ಅಮ್ಮನ ಮಾತ್ರೆಗಳನ್ನು ಡಬ್ಬಿಯಲ್ಲಿ ಜೋಡಿಸಿಡುವಳು, ಊಟಕ್ಕೆ ಉಪ್ಪು ಕಮ್ಮಿ ಹಾಕುವಳು, ಸ್ನಾನದ ಮನೆಯಲ್ಲಿ ಜಾರದ ಹಾಗೆ ರಬ್ಬರ್ ಚಾಪೆ ಹಾಸಿದ್ದಳು. ಸಂಜೆ ಅಮ್ಮನ ಧಾರಾವಾಹಿಯ ಹೊತ್ತಿಗೆ ಅಂಗಡಿಗೆ ರಾಜನೇ ಬಂದರೂ ‘ಕೂತಿರಿ’ ಎಂದು ಹೇಳಿ, ಮೇಲೆ ಹತ್ತಿ ಹೋಗಿ ಟಿವಿ ಹಾಕಿಕೊಟ್ಟು ಬರುವಳು. ಬೀದಿಯಲ್ಲಿ ಅಷ್ಟು ಚೊಕ್ಕವಾಗಿ ಚಿತ್ರ ಬರುವ ಟಿವಿ ಇನ್ನೊಂದಿರಲಿಲ್ಲ. ಅಮ್ಮನ ಪ್ರಪಂಚವೆಲ್ಲ ಆ ಟಿವಿಯೊಳಗೇ ಇದೆ, ಆ ಟಿವಿಯ ತಂತಿ ತನ್ನ ಕೈಯಲ್ಲಿದೆ ಎಂಬುದು ದೊಡ್ಡವಳ ಧೈರ್ಯ.

ಹೀಗಿರುವಾಗ ಒಂದು ಮಧ್ಯಾಹ್ನ ಚಿಕ್ಕವಳೂ ಅವಳ ಗಂಡನೂ ಮನೆಗಾಡಿಯಲ್ಲಿ ಬಂದಿಳಿದರು.

ಯಾರೋ ಬಳಸಿ ಮಾರಿದ ಗಾಡಿ. ಹೊರಗೆ ನೋಡಿದರೆ ಸಣ್ಣ ಬಸ್ಸು, ಒಳಗೆ ಹೋದರೆ ಮನೆ. ಮಡಚುವ ಮಂಚ, ಎರಡು ಉರಿಯ ಒಲೆ, ಮೊಣಕೈ ತಾಗುವಷ್ಟು ಚಿಕ್ಕ ಬಚ್ಚಲು, ಕಿಟಕಿಗೆ ಹಳದಿ ಪರದೆ, ಗೋಡೆಗೆ ಟಿವಿ. ಗಾಡಿ ಅಂಗಡಿಯ ಮುಂದೆ ನಿಂತದ್ದೇ ತಡ, ಅರ್ಧ ಬೀದಿ ಸುತ್ತ ಸೇರಿತು. ಚಿಕ್ಕವಳ ಗಂಡ ಬಾಗಿಲು ತೆರೆದು ನಿಂತು, ಬಂದವರಿಗೆಲ್ಲ ಒಲೆ ಹಚ್ಚಿ ತೋರಿಸಿದ. ಕೆಟ್ಟವನಲ್ಲ ಪಾಪ. ನಾಲ್ಕು ಮಾತಾಡಿದರೆ ಮೂರು ನಗಿಸುವ ಮಾತು. ಅವನು ಒಂಚೂರು ಜಂಬದವನಾಗಿದ್ದರೆ ದೊಡ್ಡವಳಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚುಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬೈಯೋಣವೆಂದರೆ ನೆಪವೇ ಸಿಗುವುದಿಲ್ಲ.

‘ಅತ್ತೆ, ಬನ್ನಿ, ಬನ್ನಿ, ನಿಮ್ಮನೆ ನೋಡಿ’ ಎಂದು ಅವನು ಕೈ ಚಾಚಿದ. ಮನೆಯ ಮೆಟ್ಟಿಲಿಳಿಯುವಾಗ ಹೆಜ್ಜೆಗೊಮ್ಮೆ ‘ಅಮ್ಮಾ’ ಎನ್ನುತ್ತಿದ್ದ ಅಮ್ಮ, ಅವನ ಕೈ ಹಿಡಿದು ಗಾಡಿಯ ಎತ್ತರದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿಬಿಟ್ಟಳು. ಕೆಳಗೆ ನಿಂತ ದೊಡ್ಡವಳು ಅದನ್ನು ಕಣ್ಣಾರೆ ಕಂಡಳು. ಅಮ್ಮ ಮಂಚದ ಮೇಲೆ ಕೂತು ಒತ್ತಿ ನೋಡಿದಳು, ಪರದೆ ಸರಿಸಿದಳು, ನಲ್ಲಿ ತಿರುಗಿಸಿ ನೀರು ಬಂದದ್ದಕ್ಕೆ ಮಗುವಿನ ಹಾಗೆ ನಕ್ಕಳು.

‘ಅಕ್ಕ, ಎರಡು ತಿಂಗಳು ಅಮ್ಮನ್ನ ಕರ್ಕೊಂಡು ಸುತ್ತಾಡ್ತೀವಿ. ಒಗ್ಗಿಬಿಟ್ರೆ ನಮ್ಮ ಜೊತೇನೇ ಇದ್ದುಬಿಡ್ಲಿ. ನೀನೊಬ್ಬಳೇ ಎಷ್ಟೂಂತ ನೋಡ್ಕೋತೀಯ?’ ಎಂದಳು ಚಿಕ್ಕವಳು.

ಇದು ತಂಗಿಯ ಪ್ರೀತಿಯ ಮಾತು ಎಂದು ಬೀದಿಯವರೆಲ್ಲ ತಲೆದೂಗಿದರು. ದೊಡ್ಡವಳಿಗೆ ಮಾತ್ರ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ಇದ್ದುಬಿಡ್ಲಿ ಅಂತೆ! ಇಷ್ಟು ವರ್ಷ ರಾತ್ರಿ ಎದ್ದು ಮಂಡಿಗೆ ಎಣ್ಣೆ ತಿಕ್ಕಿದವಳು ಇವಳು. ವರ್ಷಕ್ಕೊಮ್ಮೆ ಬಂದು ಹಳದಿ ಪರದೆ ತೋರಿಸಿ ಎತ್ತಿಕೊಂಡು ಹೋಗುವವಳು ಅವಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

‘ನಾನೇನೋ ಬರ್ತೀನಿ,’ ಅಮ್ಮ ರಾಗ ಎಳೆದಳು. ‘ಟಿವಿ ಬರತ್ತಾ ಇದ್ರಲ್ಲಿ? ನನ್ನ ಧಾರಾವಾಹಿ ತಪ್ಪಿದ್ರೆ ಆಗಲ್ಲಪ್ಪ.’

ಅಳಿಯನ ಮುಖ ಸಪ್ಪಗಾಯಿತು. ಟಿವಿಯೊಂದೇ ಕೈಕೊಟ್ಟಿದೆ ಎಂದ. ಮೊದಮೊದಲು ಚಿತ್ರ ಚೌಕಳಿ ಚೌಕಳಿಯಾಗಿ ಒಡೆಯುತ್ತಿತ್ತಂತೆ, ಈಗೀಗ ಏನೂ ಬರುವುದೇ ಇಲ್ಲವಂತೆ. ಮರುಕ್ಷಣವೇ ಅವನ ಮುಖ ಅರಳಿತು. ‘ಅಯ್ಯೋ, ಅದಕ್ಯಾಕೆ ಯೋಚನೆ? ಅತ್ತಿಗೆ ಇದ್ದಾರಲ್ಲ!’

ಎಲ್ಲರೂ ಅತ್ತಿಗೆಯ ಕಡೆ ತಿರುಗಿದರು. ‘ನೋಡೋಣ. ಓಡೋ ಗಾಡಿ ಟಿವಿ ಅಂದ್ರೆ ಸುಲಭ ಅಲ್ಲ’ ಎಂದಳು ದೊಡ್ಡವಳು. ಟಿವಿ ಬಾರದಿದ್ದರೆ ಅಮ್ಮ ಹೋಗುವುದಿಲ್ಲ. ಈ ಒಂದು ಮಾತು ಅವಳ ತಲೆಯಲ್ಲಿ ಆಗಲೇ ಕಾಲು ಚಾಚಿ ಕೂತಾಗಿತ್ತು.

ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಪ್ರಯಾಣಕ್ಕೆ ಬೇಕಾದ ಸಾಮಾನು ತರಲು ಮಾರುಕಟ್ಟೆಗೆ ನಡೆದರು. ಅಮ್ಮ ಗಾಡಿಯ ಮಂಚದ ಮೇಲೆ ಹಾಯಾಗಿ ಕೂತಳು. ದೊಡ್ಡವಳು ಚೀಲ ಬಿಚ್ಚಿ ಕೆಲಸಕ್ಕೆ ಇಳಿದಳು.

ಟಿವಿಯ ಮೇಲಿನ ಕಪಾಟು ತೆರೆದದ್ದೇ, ರೋಗ ಕಣ್ಣಿಗೆ ಬಿತ್ತು. ಗೋಡೆಯಲ್ಲೊಂದು ಸಣ್ಣ ಸ್ವಿಚ್ಚಿನ ಗುಂಡಿ, ಪಕ್ಕದಲ್ಲಿ ಸಾಸಿವೆ ಗಾತ್ರದ ದೀಪ. ಚಾವಣಿಯ ಮೇಲಿನ ಆಂಟೆನಾದೊಳಗೆ ಸಿಗ್ನಲ್ಲಿಗೆ ಬಲ ಕೊಡುವ ಬೂಸ್ಟರ್ ಇರುತ್ತದೆ. ಅದಕ್ಕೆ ಕರೆಂಟು ಹೋಗುವುದು ಈ ಗುಂಡಿಯಿಂದ. ಗುಂಡಿ ಆರಿದ್ದರೆ ಮೇಲೆ ಎಂಥ ಆಂಟೆನಾ ಇದ್ದರೂ ಕೆಳಗೆ ಕತ್ತಲೆ. ಗುಂಡಿ ಆರಿತ್ತು. ಅಷ್ಟೇ ಅಲ್ಲ, ದೀಪದ ಮೇಲೆ ಗುಲಾಬಿ ಹೂವಿನ ಸ್ಟಿಕ್ಕರ್ ಅಂಟಿಸಿತ್ತು. ಯಾರ ಕೆಲಸವೆಂದು ಕೇಳಬೇಕೇ? ನಿದ್ದೆಗಣ್ಣಿಗೆ ದೀಪ ಚುಚ್ಚಿದ್ದಕ್ಕೆ ಚಿಕ್ಕವಳು ಇದ್ಯಾವುದೋ ಹಾಳು ಬೆಡ್‌ಲೈಟು ಎಂದು ಆರಿಸಿ, ಹೂವಿಟ್ಟು ಕೈತೊಳೆದುಕೊಂಡಿದ್ದಳು.

ಬೆರಳಿನಿಂದ ಒಮ್ಮೆ ಒತ್ತಿದ್ದರೆ ಮುಗಿದೇಹೋಗುತ್ತಿತ್ತು. ದೊಡ್ಡವಳ ಬೆರಳು ಗುಂಡಿಯ ತನಕ ಹೋಯಿತು. ಅಲ್ಲೇ ನಿಂತಿತು. ಹಿಂದಕ್ಕೆ ಬಂತು. ಅವಳು ಕಪಾಟಿನ ಬಾಗಿಲು ಮೆಲ್ಲಗೆ ಮುಚ್ಚಿದಳು.

‘ಏನಾಗಿದ್ಯೇ?’ ಎಂದಳು ಅಮ್ಮ.

‘ಏನೇನಾಗಿದೆಯೋ, ನೋಡ್ಬೇಕು. ತಂತಿಯೆಲ್ಲ ಹಾಳು.’

ತಂತಿ ಹಾಳಾಗಿದ್ದದ್ದೂ ನಿಜವೇ. ಚಾವಣಿಯಲ್ಲಿ ನೀರು ಜಿನುಗಿ ತಂತಿಯ ತುದಿಯ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಬಟ್ಟೆಯ ಕಪಾಟಿನ ಬಾಗಿಲ ಸಂದಿಗೆ ಸಿಕ್ಕಿ ಇನ್ನೊಂದು ಕಡೆ ತಂತಿ ಜಜ್ಜಿಹೋಗಿತ್ತು. ಗಾಡಿಯ ಹೊರಗೂ ಕೂತು ಟಿವಿ ನೋಡುವ ಆಸೆಗೆ ಚಿಕ್ಕವಳ ಗಂಡ ತಾನೇ ತಂತಿಗೆ ಒಂದು ಕವಲು ಬೇರೆ ಹಾಕಿದ್ದ. ಇದ್ದ ಅರೆಹೊಟ್ಟೆ ಸಿಗ್ನಲ್ಲಿಗೆ ಇಬ್ಬರು ಪಾಲುದಾರರು. ಚಿತ್ರ ಒಡೆಯುತ್ತಿದ್ದದ್ದು ಇದರಿಂದ, ಪೂರ್ತಿ ನಿಂತದ್ದು ಗುಂಡಿಯಿಂದ. ದೊಡ್ಡವಳು ಕಿಲುಬು ಹಿಡಿದ ತುದಿ ಕತ್ತರಿಸಿ ಹೊಸ ಪಿನ್ನು ಒತ್ತಿದಳು, ಜಜ್ಜಿದ ತಂತಿ ಕಿತ್ತು ಹೊಸದು ಎಳೆದಳು, ಕವಲು ತೆಗೆದು ಬಿಸಾಡಿದಳು, ಗಾಡಿಯ ಕುಲುಕಾಟಕ್ಕೆ ಸಡಿಲವಾಗದ ಹಾಗೆ ಅಲ್ಲಲ್ಲಿ ಕ್ಲಿಪ್ಪು ಹೊಡೆದಳು. ಮನಸ್ಸು ಕೆಟ್ಟಿದ್ದರೂ ಕೈಗೆ ಕೆಟ್ಟ ಕೆಲಸ ಬರುತ್ತಿರಲಿಲ್ಲ. ಎಲ್ಲವನ್ನೂ ಸರಿಮಾಡಿದಳು, ಗುಂಡಿಯೊಂದನ್ನು ಬಿಟ್ಟು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಮಾಡುವುದನ್ನೆಲ್ಲ ಮಾಡಿದೆ, ಗಾಡಿಯ ಹಣೆಬರಹ ಎಂದು ಹೇಳಿದರಾಯಿತು.

ಇನ್ನು ಚಾವಣಿಯ ನಾಟಕವೊಂದು ಬಾಕಿ. ಏಣಿ ಇಟ್ಟು ಹತ್ತಿದಳು.

ಆಂಟೆನಾ ತಿರುಗಿಸುವ ಕೆಲಸಕ್ಕೆ ಯಾವಾಗಲೂ ಇಬ್ಬರು ಬೇಕು. ಒಬ್ಬರು ಮೇಲೆ ನಿಂತು ತಿರುಗಿಸಬೇಕು, ಒಬ್ಬರು ಒಳಗೆ ಟಿವಿ ನೋಡುತ್ತ ಕೂಗಿ ಹೇಳಬೇಕು. ಅಪ್ಪನ ಕಾಲದಲ್ಲಿ ಕೂಗುತ್ತಿದ್ದವಳು ಅಮ್ಮ. ಎಂಥೆಂಥ ಮನೆಗಳಲ್ಲಿ, ಎಷ್ಟೆಷ್ಟು ಚಾವಣಿಗಳ ಕೆಳಗೆ ‘ಬಂತು, ಹೋಯ್ತು, ಇನ್ನೊಂಚೂರು ಆ ಕಡೆ’ ಎಂದು ಕೂಗಿ ಗಂಟಲು ಸವೆಸಿಕೊಂಡಿದ್ದಳೋ! ‘ಸಿಗ್ನಲ್ ಅಳೆಯೋ ಮೀಟರು ಸುಳ್ಳು ಹೇಳ್ಬಹುದು, ನಿಮ್ಮಮ್ಮ ಹೇಳಲ್ಲ’ ಎಂಬುದು ಅಪ್ಪನ ಮಾತು. ಆ ಮನೆಗಳವರು ಸಾಕು ಬಿಡಿ ಎಂದರೂ ಅಮ್ಮ ಬಿಡುತ್ತಿರಲಿಲ್ಲ. ಚಿತ್ರದಲ್ಲಿ ಒಂದು ಗೆರೆ ಉಳಿದಿದ್ದರೂ ‘ಬಂದಿಲ್ಲ’ ಎಂದೇ ಕೂಗುವಳು.

‘ಅಮ್ಮಾ, ಟಿವಿ ನೋಡ್ತಿರು. ಬಂತಾ?’ ದೊಡ್ಡವಳು ಮೇಲಿಂದ ಕೇಳಿದಳು.

‘ಇಲ್ಲ.’

ಪ್ರಸಾರದ ಗೋಪುರ ಇದ್ದದ್ದು ಗುಡ್ಡದ ಕಡೆ. ದೊಡ್ಡವಳು ಆಂಟೆನಾವನ್ನು ಅದಕ್ಕೆ ಬೆನ್ನು ಮಾಡಿ ತಿರುಗಿಸಿದಳು. ಗುಂಡಿ ಆರಿದ್ದು ಸಾಲದೆಂದು ಇದೊಂದು. ಹೊಟ್ಟೆಕಿಚ್ಚಿಗೆ ಸಾಕು ಎಂಬುದೇ ಇರುವುದಿಲ್ಲ ನೋಡಿ.

‘ಈಗ?’

‘ಇಲ್ಲ ಕಣೇ.’

‘ಈಗ?’

ಈ ಸಲ ಅಮ್ಮನ ಗಂಟಲು ಬೀದಿಗೆಲ್ಲ ಕೇಳುವ ಹಾಗೆ ಎದ್ದಿತು. ‘ಬಂತು!’

‘ಏನಂದೆ?’

‘ಬಂತು ಕಣೇ! ಕನ್ನಡಿ ಥರ ಬಂತು! ಸಾಕು, ಇಳಿ, ಬಿಸಿಲು.’

ದೊಡ್ಡವಳ ಕೈ ಆಂಟೆನಾದ ಮೇಲೇ ನಿಂತುಬಿಟ್ಟಿತು. ಗುಂಡಿ ಆರಿದೆ. ಆಂಟೆನಾ ಗುಡ್ಡಕ್ಕೆ ಬೆನ್ನು ಹಾಕಿದೆ. ಚಿತ್ರ ಬರುವುದೆಲ್ಲಿಂದ? ಜನ್ಮದಲ್ಲಿ ಒಂದು ಸಲವೂ ಸುಳ್ಳು ‘ಬಂತು’ ಹೇಳದ ಅಮ್ಮ, ಬಾರದ ಚಿತ್ರವನ್ನು ಬಂತು ಎನ್ನುತ್ತಿದ್ದಾಳೆ. ದೊಡ್ಡವಳು ಏಣಿ ಇಳಿದದ್ದು ಹೇಗೆಂದು ಅವಳಿಗೇ ತಿಳಿಯಲಿಲ್ಲ.

ಒಳಗೆ ಟಿವಿಯ ತುಂಬ ನೀಲಿ ಬಣ್ಣ, ನಡುವೆ ‘ಸಿಗ್ನಲ್ ಇಲ್ಲ’ ಎಂಬ ಅಕ್ಷರ. ಅದರ ಮುಂದೆ ಅಮ್ಮ ಕೈಕಟ್ಟಿ, ಧಾರಾವಾಹಿ ನೋಡುವವಳಂತೆ ನೆಟ್ಟಗೆ ಕೂತಿದ್ದಳು.

‘ಎಲ್ಲಮ್ಮ ಬಂತು?’

‘ಇತ್ತು, ಈಗಷ್ಟೇ ಇತ್ತು. ನೀನು ಇಳಿಯೋವಾಗ ಅಲ್ಲಾಡಿಸಿದೆ, ಹೋಯ್ತು.’

‘ಅದು ಬರೋಕೆ ಸಾಧ್ಯಾನೇ ಇಲ್ಲ!’

‘ಯಾಕೆ ಸಾಧ್ಯ ಇಲ್ಲ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ದೊಡ್ಡವಳ ಕಣ್ಣು ತನಗೇ ತಿಳಿಯದಂತೆ ಕಪಾಟಿನ ಕಡೆ ಹೋಗಿ ಬಂತು. ಅಮ್ಮನೂ ಆ ಕಡೆ ನೋಡಿದಳು.

‘ಬೀದಿಯವರ ಟಿವಿ ಆದ್ರೆ, ಅವರು ಕೊಟ್ಟ ಚಹಾ ಆರೋದ್ರೊಳಗೆ ರಿಪೇರಿ ಮಾಡಿ ಬರ್ತೀಯ’ ಎಂದಳು ಅಮ್ಮ. ‘ತಂಗಿ ಟಿವಿಗೆ ಮಾತ್ರ ಅರ್ಧ ದಿನ ಬೇಕಾಯ್ತಾ? ಆ ಕಪಾಟು ಮುಚ್ಚಿದಾಗಲೇ ನನಗೆ ಗೊತ್ತಾಯ್ತು. ಚಿಕ್ಕಂದಿನಲ್ಲಿ ಅವಳ ಬೊಂಬೆ ಬಚ್ಚಿಟ್ಟು ಬಂದಾಗಲೂ ಇದೇ ಮುಖ ಇತ್ತು ನಿಂಗೆ.’

ದೊಡ್ಡವಳ ಒಳಗೆ ಇಷ್ಟು ವರ್ಷ ಕಟ್ಟಿಕೊಂಡಿದ್ದದ್ದು ಒಡೆಯಿತು. ‘ಹೌದು! ಬೇಕಂತಲೇ ಸರಿ ಮಾಡದೆ ಬಿಟ್ಟೆ. ಹೊಟ್ಟೆ ಉರೀತಿದೆ ನಂಗೆ, ಏನೀಗ? ನಾನು ಡಾಕ್ಟರ ಹತ್ರ ಕರ್ಕೊಂಡು ಹೋಗೋಕೆ ಕೈ ಹಿಡಿದ್ರೆ ಬೀದಿ ದಾಟೋಕೆ ಕಾಲು ಗಂಟೆ. ಅವಳ ಗಂಡ ಕೈ ಹಿಡಿದ್ರೆ ಹಾರ್ಕೊಂಡು ಗಾಡಿ ಹತ್ತುತ್ತೀಯ. ನಾನು ಮಾಡಿದ ಊಟಕ್ಕೆ ಉಪ್ಪಿಲ್ಲ. ಅವಳು ನಲ್ಲಿ ತಿರುಗಿಸಿ ನೀರು ತೋರಿಸಿದ್ರೆ ನಗು. ನಾನೇನು ಈ ಮನೆ ಕೆಲಸದವಳಾ? ಅವಳೊಬ್ಬಳೇ ಮಗಳಾ? ಅವಳ ಜೊತೆ ಹೋಗೋಕೆ ಸುಳ್ಳು ಬೇರೆ! ಅಪ್ಪ ಇದ್ದಿದ್ರೆ…’

‘ಅಪ್ಪನ್ನ ಯಾಕೆ ಕರೀತೀಯ? ಸುಳ್ಳು ಹೇಳಿದೋಳು ನಾನು, ನನ್ನ ಕೇಳು.’ ಅಮ್ಮ ಮಂಚದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ದೊಡ್ಡವಳು ಕೂರಲಿಲ್ಲ. ‘ಧಾರಾವಾಹಿ ಯಾರಿಗೆ ಬೇಕಾಗಿತ್ತೇ? ಹೋಗ್ತೀನಿ ಅಂತ ಒಂದೇ ಸಲ ಹೇಳಿದ್ರೆ ನಿನ್ನ ಮುಖ ನೋಡೋಕಾಗಲ್ಲ ಅಂತ ಟಿವಿ ನೆಪ ಎತ್ತಿದೆ. ನೀನು ಸರಿ ಮಾಡ್ತೀಯ, ನೀನೇ ಕಳಿಸಿಕೊಟ್ಟ ಹಾಗಾಗತ್ತೆ ಅಂದ್ಕೊಂಡೆ. ನೀನು ಮಾಡ್ಲಿಲ್ಲ. ಅದಕ್ಕೇ ಬಂತು ಅಂದೆ.’

‘ನನ್ನ ಜೊತೆ ಇರೋದು ಅಷ್ಟು ಕಷ್ಟವಾ ನಿಂಗೆ?’

ಅಮ್ಮ ಹಳದಿ ಪರದೆಯ ಅಂಚು ಹಿಡಿದು ಸರಿಮಾಡಿದಳು. ‘ನೀನಿಲ್ದಿದ್ರೆ ನಾನು ಇಷ್ಟೊತ್ತಿಗೆ ಫೋಟೋ ಆಗಿರ್ತಿದ್ದೆ. ಗೊತ್ತು. ಬದುಕಿಸಿದೋಳು ನೀನೇ. ಆದ್ರೆ ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ದಿನ, ಬಾರಮ್ಮ ಎಲ್ಲಾದ್ರೂ ಹೋಗೋಣ ಅಂತ ಕರೆದಿದ್ದೀಯೇನೇ? ಮಾತ್ರೆ ನುಂಗು, ಕಾಲು ಮೇಲಿಡು, ಟಿವಿ ನೋಡು. ನಿಮ್ಮಪ್ಪನ ಜೊತೆ ಬಿಸಿಲಲ್ಲಿ ಊರೂರು ಅಲೆದೋಳು ನಾನು.’

ದೊಡ್ಡವಳು ಬಾಯಿ ತೆರೆದಳು. ಮಂಡಿ, ರಕ್ತದೊತ್ತಡ, ಅಂಗಡಿ, ಗಿರಾಕಿ, ಎಲ್ಲ ಕಾರಣಗಳೂ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಅಮ್ಮ ಕೇಳಿದ್ದು ಕಾರಣವನ್ನಲ್ಲ, ಕರೆದಿದ್ದೀಯಾ ಎಂದು. ಕರೆದಿರಲಿಲ್ಲ. ಚಿಕ್ಕವಳ ಮೇಲೆ ಅಷ್ಟೊಂದು ಉರಿದದ್ದು ಗಾಡಿಗಾಗಿ ಅಲ್ಲ, ಪರದೆಗಾಗಿಯೂ ಅಲ್ಲ. ಇಷ್ಟು ಸುಲಭದ ಮಾತು ಅವಳ ಬಾಯಿಗೆ ಬಂತು, ತನ್ನ ಬಾಯಿಗೆ ಬರಲಿಲ್ಲ ಎಂಬುದಕ್ಕೆ. ಅದು ತಿಳಿದ ಮೇಲೆ ಉರಿ ಕಮ್ಮಿಯಾಗಬೇಕಿತ್ತು. ಆಗಲಿಲ್ಲ, ಇನ್ನೂ ಜಾಸ್ತಿಯಾಯಿತು.

ಅವಳು ಮತ್ತೆ ಏಣಿ ಹತ್ತಿ ಆಂಟೆನಾವನ್ನು ಗುಡ್ಡದ ಕಡೆ ತಿರುಗಿಸಿದಳು. ಇಳಿದು ಬಂದು ಕಪಾಟು ತೆರೆದು, ಉಗುರಿನಿಂದ ಗುಲಾಬಿ ಹೂವು ಕೆರೆದು ತೆಗೆದು, ಗುಂಡಿ ಒತ್ತಿದಳು. ಚಾನೆಲ್ಲುಗಳನ್ನು ಹೊಸದಾಗಿ ಹುಡುಕಲು ಟಿವಿಗೆ ಹೇಳಿದಳು. ಒಂದೊಂದೇ ಹೆಸರು ಏರುತ್ತ ಬಂದವು, ಆಮೇಲೆ ಚಿತ್ರ. ಮನೆಯ ಟಿವಿಯಲ್ಲೂ ಇರದಷ್ಟು ಚೊಕ್ಕ. ಮನಸ್ಸಿನಲ್ಲಿ ಎಷ್ಟೇ ಬೆಂಕಿಯಿದ್ದರೂ ಒಂದು ಕ್ಷಣ ದೊಡ್ಡವಳಿಗೆ ತನ್ನ ಕೆಲಸದ ಮೇಲೆ ಹೆಮ್ಮೆಯೆನಿಸಿತು.

‘ನೋಡಮ್ಮ. ಈಗ ಬಂತು.’

ಅಮ್ಮ ಆಗಲೇ ಕಿಟಕಿಯಾಚೆ ನೋಡುತ್ತಿದ್ದಳು. ಬೀದಿಯ ತುದಿಯಲ್ಲಿ ಚಿಕ್ಕವಳೂ ಅಳಿಯನೂ ಚೀಲ ಹೊತ್ತು ಬರುತ್ತಿದ್ದರು. ‘ಬಂತಾ? ಒಳ್ಳೇದಾಯ್ತು. ಇದನ್ನ ಆರಿಸೋದು ಹೇಗೆ ಹೇಳಿಕೊಡು’ ಎಂದಳು.

ಗಂಡ ಹೆಂಡತಿ ಬಂದು ಚಿತ್ರ ನೋಡಿ ಕುಣಿದಾಡಿದರು. ಗುಂಡಿಯ ಕತೆ ಕೇಳಿ ಚಿಕ್ಕವಳು ನಾಲಿಗೆ ಕಚ್ಚಿಕೊಂಡು, ಅಕ್ಕನ ಕುತ್ತಿಗೆಗೆ ಜೋತುಬಿದ್ದು, ನಾನೆಂಥ ಪೆದ್ದಿ ಅಕ್ಕ ಎಂದು ನಕ್ಕಳು. ಆ ನಗು ಅಪ್ಪನದೇ. ಅಮ್ಮ ಚಾವಣಿಯ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಗಾಡಿ ಹೊರಡಿಸುವ ಮುಂಚೆ ಆಂಟೆನಾ ಕೆಳಗೆ ಮಡಚಬೇಕು, ಮರೆತರೆ ಮೊದಲ ಮರಕ್ಕೇ ಮುರಿದುಹೋಗುತ್ತದೆ ಎಂದು ದೊಡ್ಡವಳು ತಂಗಿಯ ಗಂಡನಿಗೆ ಎರಡು ಸಲ ಹೇಳಿದಳು. ಮಾತ್ರೆಯ ಡಬ್ಬಿ ಕೊಟ್ಟಳು, ಉಪ್ಪಿನ ವಿಷಯ ಹೇಳಿದಳು, ರಬ್ಬರ್ ಚಾಪೆ ಸುತ್ತಿ ಒಳಗಿಟ್ಟಳು. ಹೇಳಲು ಇನ್ನೇನೂ ಉಳಿಯದಾದಾಗ ಗಾಡಿ ಹೊರಟಿತು.

ಮನೆ ಎಷ್ಟು ದೊಡ್ಡದೆಂದು ಅವಳಿಗೆ ತಿಳಿದದ್ದು ಆಮೇಲೆ. ಧಾರಾವಾಹಿಯ ಹೊತ್ತಿಗೆ ಕಾಲುಗಳು ತಾವಾಗಿಯೇ ಮೆಟ್ಟಿಲು ಹತ್ತುವವು. ಹತ್ತಿದ ಮೇಲೆ ಏನು ಮಾಡುವುದು? ಟಿವಿ ಹಾಕಿ, ಒಬ್ಬಳೇ ಕೂತು, ಯಾರು ಯಾರ ಸೊಸೆಯೆಂದೂ ತಿಳಿಯದೆ ಕೊನೆಯ ತನಕ ನೋಡುವಳು. ಅಮ್ಮನೂ ಎಲ್ಲೋ ಈಗ ಇದನ್ನೇ ನೋಡುತ್ತಿರಬಹುದು, ತಾನು ಎಳೆದ ತಂತಿಯಲ್ಲೇ ನೋಡುತ್ತಿರಬಹುದು ಎಂದು ಸಮಾಧಾನ. ಅಷ್ಟಾದರೂ ತನ್ನದು.

ವಾರ ಕಳೆದು ಒಂದು ಸಂಜೆ ಅಮ್ಮನ ಫೋನು ಬಂತು. ಹಿಂದೆ ಗಾಳಿಯ ಸದ್ದು, ಚಿಕ್ಕವಳ ನಗು.

‘ಮಾತ್ರೆ ತಗೊಂಡ್ಯಾ?’ ಎಂದಳು ದೊಡ್ಡವಳು.

‘ಹ್ಞೂಂ ಕಣೇ, ತಗೊಂಡೆ. ಇಲ್ಲೊಂದು ಕೆರೆ ಇದೆ, ಎಷ್ಟು ದೊಡ್ಡದು ಗೊತ್ತಾ? ನೀರಿಗೆ ಕಾಲು ಬಿಟ್ಕೊಂಡು ಕೂತಿದ್ದೀನಿ.’

‘ನೀರಲ್ಲಾ? ಥಂಡಿ ಆಗತ್ತೆ!’ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ‘ಅಲ್ಲ, ಟಿವಿ ಹೇಗೆ ಬರ್ತಿದೆ?’

‘ಯಾವ ಟಿವಿ?’

‘ಗಾಡೀದು. ನಾನು ಸರಿ ಮಾಡಿದ್ನಲ್ಲ, ಅದು.’

‘ಓ, ಅದಾ! ಬಂದ ಮೇಲೆ ಹಾಕೇ ಇಲ್ಲ ಕಣೇ. ಪುರುಸೊತ್ತೆಲ್ಲಿ? ಆಂಟೆನಾ ಎತ್ತೇ ಇಲ್ಲ. ನೀನು ಬೇಜಾರು ಮಾಡ್ಕೋಬೇಡ.’

ಬೇಜಾರು ಎಂಬ ಮಾತು ಚಿಕ್ಕದಾಯಿತು. ಅವಳಿಗೆ ಆ ಕೆರೆಯ ಮೇಲೆ ಹೊಟ್ಟೆಕಿಚ್ಚಾಯಿತು, ಗಾಳಿಯ ಮೇಲಾಯಿತು, ನಗುತ್ತಿದ್ದ ತಂಗಿಯ ಮೇಲಂತೂ ಆಯಿತೇ ಆಯಿತು. ಬಾಯಿಗೆ ಬಂದ ಚುಚ್ಚುಮಾತನ್ನು ನುಂಗಿಕೊಂಡು, ಅಭ್ಯಾಸವಿಲ್ಲದ ಮಾತೊಂದನ್ನು ಕಷ್ಟಪಟ್ಟು ಹೊರಗೆ ತಂದಳು.

‘ಅಮ್ಮ, ನೀನು ವಾಪಸು ಬಂದ ಮೇಲೆ, ನಾವಿಬ್ಬರೇ ಎಲ್ಲಾದ್ರೂ ಹೋಗೋಣ.’

ಅಮ್ಮನ ದನಿ ಬಂತು, ಹತ್ತಿರದಿಂದ, ಬಲು ಆಸೆಯಿಂದ. ‘ಹೌದಾ? ಎಲ್ಲಿಗೇ?’

ದೊಡ್ಡವಳು ಕಿಟಕಿಯಿಂದ ಬೀದಿ ನೋಡಿದಳು. ಈ ಊರಿನ ಯಾವ ಚಾವಣಿಗೆ ಯಾವ ಕಡೆಯಿಂದ ಹತ್ತಬೇಕೆಂದು ಅವಳಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತು. ಅದರಾಚೆಗೆ ಹೋಗಬೇಕೆನಿಸುವ ಒಂದು ಜಾಗ ಹೇಳು ಎಂದರೆ ಒಂದೂ ಹೊಳೆಯಲಿಲ್ಲ. ಚಿಕ್ಕವಳಾಗಿದ್ದರೆ ಉಸಿರು ಬಿಡದೆ ಹತ್ತು ಹೇಳುತ್ತಿದ್ದಳು.

‘ಹೇಳೇ, ಎಲ್ಲಿಗೆ?’ ಅಮ್ಮ ಮತ್ತೆ ಕೇಳಿದಳು.

‘ಇರು, ಯೋಚನೆ ಮಾಡಿ ಹೇಳ್ತೀನಿ’ ಎಂದಳು ದೊಡ್ಡವಳು.